ಚಿಕ್ಕಮ್ಮ ಆಣೆಯಿಟ್ಟ ಸೂಪು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಾದ್ದರಿಂದ ಬೇಕಾದ ಮಾತು ಬೇಕಾದ ಹೊತ್ತಿಗೆ ಕೈಗೆ ಸಿಗುವುದೂ ಇಲ್ಲ. ಆದರೂ ನನ್ನ ಚಿಕ್ಕಮ್ಮನ ವಿಷಯವನ್ನು ಬೇರೆಯವರು ಬಾಯಿಗೆ ಬಂದ ಹಾಗೆ ಹೇಳಿಕೊಂಡು ತಿರುಗುವ ಮೊದಲು, ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು ಅನ್ನಿಸಿತು. ಕೆಲವನ್ನು ಚಿಕ್ಕಮ್ಮ ಹೇಳಿದಳು, ಕೆಲವನ್ನು ಚಿಕ್ಕಪ್ಪ ತಲೆ ತಗ್ಗಿಸಿಕೊಂಡು ಹೇಳಿದರು.

ಚಿಕ್ಕಮ್ಮ ದಿಂಬಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಮೊದಲು ಇದ್ದದ್ದು ಗರಿ ತುಂಬುವ ವಿಭಾಗದಲ್ಲಿ. ಮೇಲಿನಿಂದ ಇಳಿದ ದಪ್ಪ ಕೊಳವೆಯ ಬಾಯಿಗೆ ಖಾಲಿ ಗವಸು ಹಿಡಿದು ಕಾಲಿನಿಂದ ಗುಂಡಿ ಒತ್ತಿದರೆ, ಬಾತುಕೋಳಿಯ ಗರಿ ಬುಸ್ಸೆಂದು ಒಳಕ್ಕೆ ನುಗ್ಗುತ್ತದೆ. ಉಬ್ಬಿದ ಗವಸನ್ನು ತಕ್ಕಡಿಯ ಮೇಲಿಟ್ಟು, ಹೆಚ್ಚಾಗಿದ್ದರೆ ಒಂದು ಹಿಡಿ ತೆಗೆದು, ಕಡಿಮೆಯಾಗಿದ್ದರೆ ಒಂದು ಹಿಡಿ ತುರುಕಿ, ಬಾಯಿ ಹೊಲಿಯುವವರ ಮೇಜಿಗೆ ತಳ್ಳಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಮನೆಗೆ ಬಂದಾಗ ಅವಳ ಹುಬ್ಬಿನಲ್ಲಿ, ಕಿವಿಯಲ್ಲಿ ಗರಿ ಇರುತ್ತಿತ್ತು. "ಇನ್ನೊಂದು ಸ್ವಲ್ಪ ದಿನ ಬಿಟ್ರೆ ಮೊಟ್ಟೆ ಇಡ್ತಾಳೆ," ಎಂದು ಚಿಕ್ಕಪ್ಪ ನಗುತ್ತಿದ್ದರು.

ದಿಂಬಿನ ಮೂಲೆಗೆ ಹೊಲಿಯುವ ಚೀಟಿಯಲ್ಲಿ "ತಾನಾಗಿ ಉದುರಿದ ಗರಿ" ಎಂದು ಅಚ್ಚಾಗಿರುತ್ತದೆ. ಚಿಕ್ಕಮ್ಮ ಅದನ್ನು ಕಣ್ಣು ಮುಚ್ಚಿ ನಂಬಿದ್ದಳು. ಕೆರೆಯ ದಂಡೆಯಲ್ಲಿ ಬಾತುಕೋಳಿಗಳು ಮೈ ಕೊಡವುತ್ತವೆ, ಯಾರೋ ಬುಟ್ಟಿ ಹಿಡಿದು ಆಯ್ದುಕೊಳ್ಳುತ್ತಾರೆ, ಅವಳ ಮನಸ್ಸಿನಲ್ಲಿ ಇದ್ದ ಚಿತ್ರ ಅಷ್ಟೆ.

ಒಂದು ದಿನ ಕೊಳವೆ ಕಟ್ಟಿಕೊಂಡಿತು. ಚಿಕ್ಕಮ್ಮ ಮೊಣಕೈವರೆಗೆ ಕೈ ಹಾಕಿ ಎಳೆದರೆ ಒಂದು ಮುದ್ದೆ ಬಂತು. ಗರಿಗಳ ಬುಡದಲ್ಲಿ ಅಂಗೈಯಗಲದ ಚರ್ಮ, ಅದರ ಮೇಲೆ ಒಣಗಿದ ರಕ್ತ. ಮೇಲ್ವಿಚಾರಕನಿಗೆ ತೋರಿಸಿದಳು. "ಒಂದೊಂದು ಹಂಗೆ ಬರುತ್ತೆ, ಕಿತ್ತು ಬಿಸಾಕಮ್ಮ," ಎಂದು ಅವನು ಮುಂದೆ ಹೋದ. ಮೂಟೆ ಇಳಿಸುತ್ತಿದ್ದ ಲಾರಿ ಡ್ರೈವರನನ್ನು ಕೇಳಿದಳು. ಅವನಿಗೆ ನಗು ಬಂತು.

"ಉದುರಿದ ಗರಿನಾ? ಉದುರೋದನ್ನ ಕಾಯ್ತಾ ಕೂತ್ರೆ ನನ್ನ ಲಾರಿ ತುಂಬುತ್ತಾ ಅಕ್ಕ? ಜೀವ ಇದ್ದಾಗ್ಲೇ ಕೀಳ್ತಾರೆ. ಸತ್ತ ಮೇಲೆ ಒಂದೇ ಸಲ ಕೀಳಬಹುದು, ಬದುಕಿದ್ರೆ ಮತ್ತೆ ಬೆಳೆಯುತ್ತಲ್ಲ!"

ಚಿಕ್ಕಮ್ಮ ಅವತ್ತು ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಬಾತುಕೋಳಿಯ ಮೇಲಿನ ಕನಿಕರ ಆಮೇಲೆ ಬಂತು. ಮೊದಲು ಬಂದದ್ದು, ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ, ನನ್ನ ಕೈಯಿಂದಲೇ ಆ ಸುಳ್ಳನ್ನು ತುಂಬಿಸಿದರಲ್ಲ ಎಂಬ ಉರಿ. ಆ ಉರಿಯಲ್ಲಿ ಅವಳು ಮನೆಯ ಒಂದೊಂದು ವಸ್ತುವನ್ನೂ ಹಿಡಿದು ಕೇಳತೊಡಗಿದಳು. ಈ ಹಾಲು ಕೊಟ್ಟ ಹಸುವಿನ ಕರು ಎಲ್ಲಿ ಹೋಯಿತು? ಮೊಟ್ಟೆ ಇಡುವುದು ಹೆಣ್ಣು ಕೋಳಿ, ಹಾಗಾದರೆ ಗಂಡು ಮರಿಗಳನ್ನು ಏನು ಮಾಡುತ್ತಾರೆ? ಉತ್ತರ ಹುಡುಕುತ್ತಾ ಹೋದ ಹಾಗೆ ಎಲ್ಲ ಕಡೆಯೂ ಆ ಡ್ರೈವರನ ನಗುವೇ ಕೇಳಿಸಿತು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ಜೇನು ಎಲ್ಲ ಬಿಟ್ಟಳು. ಚರ್ಮದ ಚಪ್ಪಲಿ ಹರಿದ ಮೇಲೆ ರಬ್ಬರಿನದು ತಂದಳು. ಕಾರ್ಖಾನೆಯಲ್ಲಿ ಗರಿ ಬೇಡ ಎಂದು ಜಗಳ ಮಾಡಿ, ಯಾರೂ ಬಯಸಿ ಹೋಗದ ಹತ್ತಿ ಹಿಂಜುವ ಯಂತ್ರಕ್ಕೆ ಹೋದಳು. ಅಲ್ಲಿ ದೂಳು ಕೆಮ್ಮು ಬರಿಸುತ್ತದೆ, ಶಬ್ದ ಕಿವಿ ಕೊರೆಯುತ್ತದೆ.

"ಇನ್ನು ಗಾಳಿ ತಿಂದು ಬದುಕ್ತೀಯಾ?" ಎಂದು ಚಿಕ್ಕಪ್ಪ ರೇಗಿಸಿದರು. ಆದರೆ ಅಡುಗೆ ಅವರದ್ದೇ. ಅವರು ದೊಡ್ಡ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು, ಮಧ್ಯಾಹ್ನಕ್ಕೇ ಮನೆಗೆ ಬಂದು ಇಬ್ಬರಿಗೂ ಬೇಯಿಸಿಡುವುದು ಮದುವೆಯಾದಾಗಿನಿಂದ ರೂಢಿ. "ನಿನ್ನ ಹಟ ನಿನಗೆ, ನನ್ನ ಸೌಟು ನನಗೆ. ನೋಡೋಣ," ಎಂದು ಅಂಗಿಯ ತೋಳು ಮೇಲೇರಿಸಿದರು. ಮೊದಮೊದಲು ಸಪ್ಪೆ ಸಪ್ಪೆ. ಚಿಕ್ಕಮ್ಮ ಮೂಗು ಹಿಡಿದು ನುಂಗಿದಳು. ಆಮೇಲೊಂದು ಸಂಜೆ ಸಿಹಿಗುಂಬಳದ ಸೂಪು ಬಂತು.

ಹಳದಿ ಬಣ್ಣ, ಮಂದವಾದ ಸೂಪು, ಚಮಚ ನಿಲ್ಲಿಸಿದರೆ ನಿಲ್ಲಬೇಕು. ಒಂದು ಗುಟುಕಿಗೆ ಚಿಕ್ಕಮ್ಮನ ದಣಿವೆಲ್ಲ ಇಳಿಯಿತು. "ರೀ, ಇದೊಂದಿದ್ರೆ ಸಾಕು ರೀ, ನಾನು ಜೀವನ ಪೂರ್ತಿ ಹೀಗೇ ಇರಬಲ್ಲೆ," ಎಂದಳು. ಮರುದಿನದಿಂದ ಊಟದ ಡಬ್ಬಿಯಲ್ಲಿ ಅದೇ ಸೂಪು, ಜೊತೆಗೆ ಬ್ರೆಡ್ಡು.

ಕಾರ್ಖಾನೆಯ ಊಟದ ಕೋಣೆಯಲ್ಲಿ ಎಲ್ಲರೂ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರೆ. ಚಿಕ್ಕಮ್ಮನ ಎದುರಿಗೆ ದಿಂಬಿನ ಬಾಯಿ ಹೊಲಿಯುವವಳೊಬ್ಬಳು. ಅವಳಿಗೆ ಮೆಣಸಿನಕಾಯಿ ಎಂದೇ ಹೆಸರು. ಚಿಕ್ಕಮ್ಮ ಹಾಲು ಬಿಟ್ಟಾಗಿನಿಂದ ಅವಳಿಗೆ ಹಬ್ಬ. "ಟೊಮ್ಯಾಟೊಗೂ ಜೀವ ಇದೆ ಕಣೇ, ಅದು ಅಳೋದು ಕೇಳಿಸಲ್ವಾ?" ಎಂದು ದಿನಾ ಚುಚ್ಚುವಳು. ಚಿಕ್ಕಮ್ಮ ಮಾತಿಗೆ ಮಾತು ಬೆಳೆಸದೆ ಡಬ್ಬಿ ಮುಂದಕ್ಕೆ ತಳ್ಳಿದಳು. ಮೆಣಸಿನಕಾಯಿ ಒಂದು ಚಮಚ ತಿಂದಳು, ಇನ್ನೊಂದು ತಿಂದಳು, ಕಣ್ಣು ಕಿರಿದು ಮಾಡಿದಳು.

"ಇದ್ರಲ್ಲಿ ಬೆಣ್ಣೆ ಇದೆ."

"ಇಲ್ಲ."

"ನನ್ನ ನಾಲಿಗೆ ಏನು ಚಪ್ಪಲಿನಾ? ಇದೆ."

"ನನ್ನ ಗಂಡನಾಣೆ ಇಲ್ಲ!" ಎಂದಳು ಚಿಕ್ಕಮ್ಮ. ಬೆಂಚಿನ ಆ ತುದಿಯವರೂ ತಿರುಗಿ ನೋಡಿದರು.

ಆಮೇಲೆ ಡಬ್ಬಿ ದೊಡ್ಡದಾಯಿತು. ಪಕ್ಕದಲ್ಲಿ ಕೂರುತ್ತಿದ್ದ ದಪ್ಪ ಕನ್ನಡಕದ ಹುಡುಗಿ ದಿನಾ ಅರ್ಧ ಖಾಲಿ ಮಾಡುವಳು. ಗರಿಯ ವಿಷಯ ಕೇಳಿದಾಗಿನಿಂದ ಅವಳ ಮನಸ್ಸೂ ಕಲಕಿತ್ತು, ಆದರೆ ನಾಲಿಗೆಯ ಭಯ. "ಹಾಲು ಬೆಣ್ಣೆ ಇಲ್ದೆ ಇಷ್ಟು ಚೆನ್ನಾಗಿರುತ್ತೆ ಅಂದ್ರೆ ನಾನೂ ಬಿಡ್ತೀನಿ ಅಕ್ಕ," ಎಂದು ಬಿಟ್ಟೇಬಿಟ್ಟಳು. ಮನೆಯಲ್ಲಿ ಅವಳ ತಾಯಿ ತಟ್ಟೆ ಎತ್ತಿ ಎಸೆದರಂತೆ, ವಾರಗಟ್ಟಲೆ ಮಾತು ಬಿಟ್ಟರಂತೆ. ಆದರೂ ಹುಡುಗಿ ಜಗ್ಗಲಿಲ್ಲ. ಅಮ್ಮನಿಗೂ ಒಂದು ಸಲ ಆ ಸೂಪು ಮಾಡಿ ತಿನ್ನಿಸಬೇಕು, ಆಗ ಒಪ್ಪುತ್ತಾರೆ ಎಂದು ಅವಳ ಆಸೆ. ತಾನೇ ಮಾಡಿ ನೋಡಿದಳು, ಆ ರುಚಿ ಬರಲಿಲ್ಲ. "ನಿಮ್ಮನೆ ಅಣ್ಣನ ಹತ್ರ ಹೇಳಿ ಕಲಿಸಿ ಅಕ್ಕ," ಎಂದು ದುಂಬಾಲು ಬಿದ್ದಳು. "ನಾನೂ ಬರ್ತೀನಿ. ಎದುರಿಗೇ ನಿಂತು ನೋಡ್ತೀನಿ," ಎಂದಳು ಮೆಣಸಿನಕಾಯಿ.

ಚಿಕ್ಕಮ್ಮ ಇಬ್ಬರನ್ನೂ ಭಾನುವಾರ ಮನೆಗೆ ಕರೆದಳು. ಚಿಕ್ಕಪ್ಪ ಆ ಭಾನುವಾರ ತಲೆನೋವು ಎಂದರು. ಕುಂಬಳ ಚೆನ್ನಾಗಿಲ್ಲ ಎಂದರು. ಚಿಕ್ಕಮ್ಮ ತಾನೇ ಹೋಗಿ ಬೇರೆ ಕುಂಬಳ ತಂದಳು.

ಅವರ ಅಡುಗೆಮನೆ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು, ಅಷ್ಟು ಚಿಕ್ಕದು. ಫ್ರಿಜ್ಜಿಗೆ ಒರಗಿ ಮೂರು ಹೆಂಗಸರು ನಿಂತರು. ಮೆಣಸಿನಕಾಯಿಯ ಕಣ್ಣು ಚಿಕ್ಕಪ್ಪನ ಕೈ ಬಿಟ್ಟು ಅಲುಗಲಿಲ್ಲ. ಚಿಕ್ಕಪ್ಪ ಈರುಳ್ಳಿಯನ್ನು ಕಂದು ಬಣ್ಣಕ್ಕೆ ಹುರಿದರು, ಕುಂಬಳ ಬೇಯಿಸಿ ಅರೆದರು, ಕಾಳುಮೆಣಸು ಹಾಕಿದರು, ನೆನೆಸಿದ ಗೋಡಂಬಿ ರುಬ್ಬಿ ಸೇರಿಸಿದರು. ಕೊನೆಗೆ ಸೌಟು ಹಿಡಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಒಲೆ ಆರಿಸಿದರು.

ಎಲ್ಲರೂ ತಿಂದರು. ಕನ್ನಡಕದ ಹುಡುಗಿ "ಚೆನ್ನಾಗಿದೆ ಅಣ್ಣ" ಎಂದು ಹೇಳಿ, ಬಟ್ಟಲಿನ ತಳ ಕಾಣುವವರೆಗೆ ತಿಂದಳು. ಅವಳ ಮುಖ ಮಾತ್ರ ಬಾಡಿತ್ತು.

"ಇದು ಆ ಸೂಪಲ್ಲ," ಎಂದಳು ಮೆಣಸಿನಕಾಯಿ.

"ಕುಂಬಳ ಎಳಸು," ಎಂದರು ಚಿಕ್ಕಪ್ಪ.

"ಕುಂಬಳ ಎಳಸಲ್ಲ ಅಣ್ಣ, ನಾವೇ ಎಳಸು ಅಂತ ನೀವು ಅಂದ್ಕೊಂಡ್ರಿ. ದಿನಾ ಬರ್ತಾ ಇದ್ದಿದ್ರಲ್ಲಿ ಬೆಣ್ಣೆ ಇತ್ತು."

ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮನೇಲಿ ಕೂತು, ನನ್ನ ಗಂಡನ್ನ ಸುಳ್ಳುಗಾರ ಅಂತೀಯಾ? ನಿನ್ನ ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ನಾನು ಒಂದು ಒಳ್ಳೇ ಕೆಲಸ ಮಾಡ್ತಿದ್ದೀನಿ, ಅದು ನಿನಗೆ ಸಹಿಸೋಕಾಗಲ್ಲ. ಏಳು, ಎದ್ದು ಹೋಗು!"

"ಹೋಗ್ತೀನಮ್ಮ. ತಿಂದವಳು ನೀನು, ನಿನಗೇ ಗೊತ್ತಿರಬೇಕು," ಎಂದು ಮೆಣಸಿನಕಾಯಿ ಎದ್ದಳು. ಅವಳ ಕಣ್ಣು ಒದ್ದೆಯಾಗಿತ್ತು ಎಂಬುದನ್ನು ಚಿಕ್ಕಮ್ಮ ನೋಡಿದಳು, ನೋಡಿಯೂ ಬಾಗಿಲನ್ನು ಧಡಾರೆಂದು ಹಾಕಿದಳು. ಕನ್ನಡಕದ ಹುಡುಗಿ ಅದಕ್ಕೆ ಮೊದಲೇ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಿದ್ದಳು.

ಚಿಕ್ಕಮ್ಮ ಬಟ್ಟಲುಗಳನ್ನು ಎತ್ತಿ ಸಿಂಕಿಗೆ ಹಾಕುತ್ತಾ ಇನ್ನೂ ಕುದಿಯುತ್ತಿದ್ದಳು. "ಬರೋ ಭಾನುವಾರ ಮತ್ತೆ ಕರೀತೀನಿ ಅವಳನ್ನ. ಒಳ್ಳೇ ಕುಂಬಳ ತಂದು ಮಾಡಿ. ತಿಂದು, ತಪ್ಪಾಯ್ತು ಅಂತ ನಿಮ್ಮ ಕಾಲಿಗೆ ಬೀಳ್ಬೇಕು."

"ಕರೀಬೇಡ," ಎಂದರು ಚಿಕ್ಕಪ್ಪ.

"ಯಾಕೆ? ಅವಳ ಬಾಯಿಗೆ ಹೆದರಿಕೇನಾ?"

"ಅವಳು ಹೇಳಿದ್ದು ನಿಜ."

ನಲ್ಲಿಯ ನೀರು ಬಟ್ಟಲಿನಿಂದ ಉಕ್ಕಿ ಹರಿಯುತ್ತಿತ್ತು. ಚಿಕ್ಕಮ್ಮ ಅದನ್ನು ನಿಲ್ಲಿಸಿದಳು.

"ಒಂದೇ ಒಂದು ಚಮಚ ಕಣೇ. ನೀನು ಸೊರಗಿ ಹೋಗ್ತಿದ್ದೆ. ನಿನ್ನ ಮೈಗೆ ಒಳ್ಳೇದಾಗ್ಲಿ ಅಂತ."

"ನಾನು ಸೊರಗಿರ್ಲಿಲ್ಲ. ನಿಜ ಹೇಳಿ."

ಚಿಕ್ಕಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. "ಕ್ಯಾಂಟೀನಲ್ಲಿ ಯಾವ ಸೂಪು ಮಾಡಿದ್ರೂ ಇಳಿಸೋ ಮುಂಚೆ ಒಂದು ಚಮಚ ಬೆಣ್ಣೆ ಬಿಡ್ತೀವಿ. ಕೈಗೆ ಅಭ್ಯಾಸ. ಮೊದಲ್ನೇ ದಿನ ಹಂಗೇ ಬಿದ್ದುಹೋಯ್ತು. ಕ್ಯಾಂಟೀನಿಂದ ನನಗೆ ಅಂತ ತಂದಿದ್ದ ಬೆಣ್ಣೆ ಡಬ್ಬಿ ಪಕ್ಕದಲ್ಲೇ ಇತ್ತು. ಹಾಕಿದ ಮೇಲೆ ಗೊತ್ತಾಯ್ತು. ಚೆಲ್ಲೋಣ ಅಂದ್ಕೊಂಡೆ, ಅಷ್ಟರಲ್ಲಿ ನೀನು ಬಂದೆ."

"ಆಮೇಲೆ?"

"ನೀನು ಅಷ್ಟು ಹೊಗಳಿದೆ. ಇಷ್ಟು ವರ್ಷ ಅಡುಗೆ ಮಾಡಿದ್ದೀನಿ, ಯಾರೂ ಹಂಗೆ ಹೊಗಳಿರ್ಲಿಲ್ಲ. ಮರುದಿನ ಬೆಣ್ಣೆ ಇಲ್ದೆ ಮಾಡಿ ನೋಡಿದೆ, ಸಪ್ಪೆ. ನಿನ್ನ ಮುಖ ಸಣ್ಣ ಆಗುತ್ತಲ್ಲ ಅಂತ..."

"ನನ್ನ ಮುಖ ಸಣ್ಣ ಆಗ್ಬಾರ್ದು ಅಂತ ನನ್ನ ಹೊಟ್ಟೆಗೆ ಸುಳ್ಳು ಹಾಕಿದ್ರಾ?" ಚಿಕ್ಕಮ್ಮನ ಧ್ವನಿ ಏರಲಿಲ್ಲ. ಅದು ಚಿಕ್ಕಪ್ಪನಿಗೆ ಇನ್ನೂ ಹೆದರಿಕೆ ಹುಟ್ಟಿಸಿತಂತೆ. "ಆ ಮೇಲ್ವಿಚಾರಕ ನನಗೆ ಯಾರೂ ಅಲ್ಲ. ಲಾರಿಯವನೂ ಯಾರೂ ಅಲ್ಲ. ಹೊರಗಿನವರು ಮೋಸ ಮಾಡಿದ್ರೆ ಮನೆಗೆ ಬಂದು ನಿಮ್ಮ ಹತ್ರ ಹೇಳ್ಕೊಂಡೆ. ನೀವು ಸೌಟು ತಿರುಗಿಸ್ತಾ ಕೇಳಿದ್ರಿ, ಹೂಂ ಹೂಂ ಅಂದ್ರಿ. ಸೌಟಲ್ಲಿ ಬೆಣ್ಣೆ ಕರಗ್ತಾ ಇತ್ತು. ನಿಮ್ಮ ಮೇಲೆ ಆಣೆ ಇಟ್ಟೆ ಅಂತ ಬಂದು ಹೇಳಿದಾಗ ನೀವು ನಕ್ಕಿದ್ರಿ. ಯಾಕೆ ನಕ್ಕಿದ್ರಿ?"

"ಹೆದರಿ ನಕ್ಕಿದ್ದು."

"ಆ ಹುಡುಗಿ ತಾಯಿ ಹತ್ರ ಬೈಸಿಕೊಂಡು ಕೂತಿದ್ದಾಳೆ, ಬೆಣ್ಣೆ ಇಲ್ಲ ಅಂತ ನಂಬಿ ಬೆಣ್ಣೆ ತಿಂದ್ಕೊಂಡು! ಅವಳಿಗೆ ನಾನು ಹೇಳಿದ್ದೂ ಆ ದಿಂಬಿನ ಚೀಟಿ ಹೇಳೋದೂ ಒಂದೇ ಆಯ್ತಲ್ಲ!"

ಚಿಕ್ಕಪ್ಪ ಎದ್ದು ಅವಳ ಕೈ ಹಿಡಿಯಲು ಬಂದರು. ಅವಳು ಕೈ ಎಳೆದುಕೊಂಡಳು.

"ಇನ್ಮೇಲೆ ಹಾಕಲ್ಲ. ಸತ್ಯವಾಗ್ಲೂ. ಇದು ನಮ್ಮಿಬ್ಬರಲ್ಲೇ ಇರ್ಲಿ. ಕುಂಬಳ ಸರಿ ಇರ್ಲಿಲ್ಲ ಅಂದ್ರೆ ಅವರು ನಂಬ್ತಾರೆ. ಅಡುಗೆಯವನಿಗೆ ಇರೋದು ಕೈಗುಣ ಒಂದೇ ಕಣೇ. ನಾಲ್ಕು ಜನಕ್ಕೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗುತ್ತೆ?"

"ನಿಮ್ಮ ಮರ್ಯಾದೆ ಉಳಿಸೋಕೇ ಒಬ್ಬಳನ್ನ ಹೊಟ್ಟೆಕಿಚ್ಚಿನವಳು ಅಂತ ಬೈದು ಆಚೆ ಹಾಕಿದ್ದೀನಿ. ಅವಳಿಗೂ ಮರ್ಯಾದೆ ಇತ್ತು."

ಚಿಕ್ಕಮ್ಮನಿಗೆ ತನ್ನ ನಾಲಿಗೆಯ ಮೇಲೂ ಸಿಟ್ಟಿತ್ತು. ಎದುರಿಗೆ ಕೂತವಳಿಗೆ ಒಂದು ಚಮಚಕ್ಕೆ ತಿಳಿದದ್ದು ತನಗೆ ಇಷ್ಟು ದಿನವಾದರೂ ಏಕೆ ತಿಳಿಯಲಿಲ್ಲ? ತಿಳಿಯಲು ಮನಸ್ಸಿರಲಿಲ್ಲವೇ? ಅದನ್ನು ಅವಳು ಚಿಕ್ಕಪ್ಪನಿಗೆ ಹೇಳಲಿಲ್ಲ. ಪಾತ್ರೆಯಲ್ಲಿ ಉಳಿದಿದ್ದ ಸೂಪನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಕಿಟಕಿಯ ಹತ್ತಿರ ನಿಂತು ತಿಂದಳು. ಸಪ್ಪೆಯೇನೂ ಇರಲಿಲ್ಲ. ಕುಂಬಳದ ಸಿಹಿ, ಮೆಣಸಿನ ಖಾರ, ಗೋಡಂಬಿಯ ನಯ. ಮೊದಲ ದಿನವೇ ಇದನ್ನು ಕೊಟ್ಟಿದ್ದರೂ ತಿನ್ನುತ್ತಿದ್ದಳು. ಹೊಗಳುತ್ತಿರಲಿಲ್ಲವೇನೋ, ಆದರೆ ತಿನ್ನುತ್ತಿದ್ದಳು. ಆ ಯೋಚನೆ ಬಂದಾಗ ಅವಳ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

"ಬಿಟ್ಟುಬಿಡ್ತೀಯಾ ಇದನ್ನೆಲ್ಲ?" ಎಂದು ಚಿಕ್ಕಪ್ಪ ಮೆಲ್ಲಗೆ ಕೇಳಿದರು.

"ಯಾವುದನ್ನ? ನೀವು ಮೋಸ ಮಾಡಿದ್ದಕ್ಕೆ ನಾನು ಹಾಲು ಕುಡೀಬೇಕಾ? ಬಾತುಕೋಳಿ ಏನು ಮಾಡಿತ್ತು ನಿಮಗೆ?"

ಅದೇ ಭಾನುವಾರ ಸಂಜೆ ನಾನು ಹೋದಾಗ ಚಿಕ್ಕಪ್ಪ ಹೊರಗಿನ ಕೋಣೆಯಲ್ಲಿ ಟಿವಿ ಹಾಕದೆ ಕೂತಿದ್ದರು. ಚಿಕ್ಕಮ್ಮ ಒಳಗೆ, ಇಷ್ಟು ವರ್ಷ ಅವರು ಯಾರಿಗೂ ಮುಟ್ಟಲು ಬಿಡದ ಚಾಕು ಹಿಡಿದು, ಅಡ್ಡಾದಿಡ್ಡಿಯಾಗಿ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಮುಖ ನೋಡಿ ನನಗೆ ಏನೂ ಕೇಳುವ ಧೈರ್ಯ ಬರಲಿಲ್ಲ. ಅವಳೇ ಕೂರಿಸಿಕೊಂಡು ಎಲ್ಲ ಹೇಳಿದಳು.

ನಾಳೆ ಡಬ್ಬಿಯನ್ನು ಅವಳೇ ಕಟ್ಟಿಕೊಂಡು ಹೋಗುತ್ತಾಳೆ. ಊಟದ ಹೊತ್ತಿಗೆ ಎಲ್ಲರೂ ಬೆಂಚಿನ ಮೇಲೆ ಕೂತ ಮೇಲೆ, ಸೂಪಿನಲ್ಲಿ ಬೆಣ್ಣೆ ಇತ್ತು, ನಾನು ಇಟ್ಟ ಆಣೆ ಸುಳ್ಳಾಯಿತು ಎಂದು ಗಟ್ಟಿಯಾಗಿ ಹೇಳುತ್ತಾಳೆ. ಮೊದಲು ಮೆಣಸಿನಕಾಯಿಯ ಹತ್ತಿರ ತಪ್ಪಾಯಿತು ಎನ್ನುತ್ತಾಳೆ, ಆಮೇಲೆ ಕನ್ನಡಕದ ಹುಡುಗಿಯ ಹತ್ತಿರ.