ಶಟರ್ ಬಡಿದವಳು

ಜಿಪ್ಪಕ್ಕನಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಆ ಸ್ಟೇಷನ್ನಿನವರು ನಗುತ್ತಾರೆ. ಮೂಗಿನ ತನಕ ಏರುವಷ್ಟು ಪುರುಸೊತ್ತು ಆ ಕೋಪಕ್ಕೆ ಎಲ್ಲಿತ್ತು? ಅದು ಹುಟ್ಟುತ್ತಿದ್ದದ್ದೇ ಕೈಯಲ್ಲಿ. ಟಿಕೆಟ್ ಕೌಂಟರಿನಿಂದ ಪ್ಲಾಟ್‌ಫಾರ್ಮಿಗೆ ಹೋಗುವ ಉದ್ದನೆಯ ಹಾದಿಯ ಎರಡೂ ಕಡೆ ಅಂಗಡಿಗಳ ಸಾಲು. ಮೇಲ್ಸೇತುವೆಯ ಮೆಟ್ಟಿಲ ಕೆಳಗಿನ ಗೂಡು ಅವಳದು. ನಿಂತರೆ ತಲೆಗೆ ತಾಗುವ ಆ ಜಾಗದಲ್ಲಿ ಕೂತು ಅವಳು ಪ್ರಯಾಣಿಕರ ಬ್ಯಾಗುಗಳಿಗೆ ಜಿಪ್ ಹಾಕುತ್ತಿದ್ದಳು, ಹರಿದ ಪಟ್ಟಿ ಹೊಲಿಯುತ್ತಿದ್ದಳು, ಸೂಟ್‌ಕೇಸಿನ ಮುರಿದ ಚಕ್ರ ಬದಲಿಸುತ್ತಿದ್ದಳು. ರೈಲಿಗೆ ಹೊತ್ತಾದವರು "ಬೇಗ, ಬೇಗ" ಎಂದು ಪ್ರಾಣ ತಿಂದರೆ ಸೂಜಿಯನ್ನೇ ಅವರ ಮುಖದ ಹತ್ತಿರ ಚಾಚಿ, "ತಗೊಳ್ಳಿ, ನೀವೇ ಹೊಲ್ಕೊಳ್ಳಿ" ಎನ್ನುತ್ತಿದ್ದಳು. ಅವಳ ನಿಜವಾದ ಹೆಸರನ್ನು ಆ ಸಾಲಿನಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಗೂಡು ಮೊದಲು ಗಂಡನದಾಗಿತ್ತು. ಅವನು ಬ್ಯಾಗು ಹೊಲಿಯುವುದರಲ್ಲಿ ಎತ್ತಿದ ಕೈ, ಹೆಂಡತಿಗೆ ಬಡಿಯುವುದರಲ್ಲಿ ಇನ್ನೂ ಎತ್ತಿದ ಕೈ. ಒಂದು ದಿನ ಗಿರಾಕಿಗಳ ಎದುರಿಗೇ ಅವಳ ಜುಟ್ಟು ಹಿಡಿದು ಹಣೆಯನ್ನು ಕಂಬಕ್ಕೆ ಗುದ್ದಿಸಿದ. ಅವಳು ಸುಮ್ಮನೆ ರಕ್ತ ಒರೆಸಿಕೊಂಡು, ರಿಪೇರಿಗೆ ಬಂದಿದ್ದ ಸೂಟ್‌ಕೇಸಿನ ಸರಳು ಕಿತ್ತು, ಅವನ ಕಿವಿಯ ಮೇಲೆ ಬಿಟ್ಟಳು. ಅಲ್ಲಿಂದಾಚೆಗೆ ಅವನಿಗೆ ಆ ಕಿವಿ ಕೇಳಿಸಲಿಲ್ಲ, ಕೈಯೂ ಮೇಲೇಳಲಿಲ್ಲ. ಕುಡಿದು ಕುಡಿದು ಅವನು ಸತ್ತಾಗ ಅವಳು ಗೋಳೋ ಎಂದು ಅತ್ತಳು. "ಯಾಕತ್ತಿಗೆ, ಅಷ್ಟು ಹೊಡೀತಿದ್ದೋನಿಗೆ ಇಷ್ಟು ಅಳೋದಾ?" ಎಂದು ಮೈದುನ ಕೇಳಿದರೆ, "ಇನ್ನು ಜಗಳಕ್ಕೆ ಯಾರಿದಾರೋ ನಂಗೆ" ಎಂದಳಂತೆ.

ಜಗಳಕ್ಕೆ ಜನ ಬೇಕಾದಷ್ಟು ಸಿಕ್ಕರು. ಅವಳು ಒಬ್ಬಳೇ ಗೂಡು ನಡೆಸತೊಡಗಿದ ಹೊಸದರಲ್ಲಿ ಒಬ್ಬ ಬ್ಲೇಡು ಹಿಡಿದು ಬಂದು, ರಿಪೇರಿಗೆ ಇಟ್ಟಿದ್ದ ಚರ್ಮದ ಬ್ಯಾಗಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಅವಳ ಎಡಗೈ ಬೆರಳುಗಳ ಬುಡಕ್ಕೆ ಬ್ಲೇಡು ಎಳೆದ. ಹಾಡಹಗಲು, ಹಾದಿ ತುಂಬ ಜನ, ಎದುರಿಗೆ ಜ್ಯೂಸ್ ಅಂಗಡಿ, ಪಕ್ಕದಲ್ಲಿ ಫೋನಿನ ಕವರು ಮಾರುವ ಸ್ವಂತ ಮೈದುನ. ಎಲ್ಲರೂ ಕಣ್ಣಿದ್ದೂ ಕುರುಡರಾಗಿ ನಿಂತರು, ಕಳ್ಳ ಆರಾಮವಾಗಿ ನಡೆದುಕೊಂಡು ಹೋದ. ಆಸ್ಪತ್ರೆಯಿಂದ ಬಂದವಳು ಕಟ್ಟಿದ ಕೈ ಮುಂದೆ ಹಿಡಿದುಕೊಂಡು ಅಂಗಡಿ ಅಂಗಡಿಗೆ ಹೋಗಿ ಎಲ್ಲರ ನೀರಿಳಿಸಿದಳು. "ನಾಳೆ ನಿಮ್ಮ ಹೆಂಡ್ತೀರ್ ಕೈ ಕತ್ತರಿಸ್ತಾರೆ, ಆಗ್ಲೂ ಹಿಂಗೇ ಜ್ಯೂಸ್ ಹಿಂಡ್ತಾ ನಿಂತ್ಕೊಳ್ಳಿ."

ಆ ಸಾಲಿನ ಪದ್ಧತಿ ಹುಟ್ಟಿದ್ದು ಹಾಗೆ. ಕಳ್ಳನನ್ನು ಕಂಡವರು ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ತಮ್ಮ ಶಟರನ್ನು ಬಡಿಯಬೇಕು. ಕೇಳಿದವರೆಲ್ಲ ತಮ್ಮ ತಮ್ಮ ಶಟರ್ ಬಡಿಯಬೇಕು. ಕೂಲಿಗಳು ಕೈಗಾಡಿಗಳನ್ನು ಹಾದಿಯ ಎರಡೂ ತುದಿಗೆ ಅಡ್ಡ ನಿಲ್ಲಿಸಬೇಕು. ಮೊದಲ ಏಟು, ಮೊದಲು ಶಟರ್ ಬಡಿದವರದು. ಪೊಲೀಸರು ಬರುವುದರೊಳಗೆ ಕಳ್ಳ ಹಣ್ಣುಗಾಯಿ ನೀರುಗಾಯಿ ಆಗಿರುತ್ತಿದ್ದ. ಒಬ್ಬನ ದವಡೆ ಹೋಯಿತು, ಇನ್ನೊಬ್ಬ ಇವತ್ತಿಗೂ ಒಂದು ಕಾಲು ಎಳೆಯುತ್ತಾನೆ. ಕಸ ಗುಡಿಸುವವಳು ಒಮ್ಮೆ ಉದುರಿದ ಹಲ್ಲುಗಳನ್ನು ಮೊರದಲ್ಲಿ ತಂದು ತೋರಿಸಿ, "ಇವನ್ನ ಯಾವ್ದಕ್ಕೆ ಹಾಕ್ಲಿ, ಒಣ ಕಸಕ್ಕಾ ಹಸಿ ಕಸಕ್ಕಾ?" ಎಂದಾಗ ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಜಿಪ್ಪಕ್ಕನೂ ನಕ್ಕಳು. ಅವಳಿಗೆ ಇದರಲ್ಲಿ ಎಳ್ಳಷ್ಟೂ ಪಾಪಪ್ರಜ್ಞೆ ಇರಲಿಲ್ಲ, ಹೆಮ್ಮೆ ಇತ್ತು. ಅಲ್ಲಿ ಕಳ್ಳತನ ನಿಂತೇ ಹೋಗಿತ್ತು, ಇದೂ ಸುಳ್ಳಲ್ಲ.

ಕಳ್ಳನನ್ನು ಗುರುತಿಸುವುದು ಹೇಗೆಂದು ಅವಳಿಗೆ ಅವಳದೇ ಲೆಕ್ಕವಿತ್ತು. ಮುಖ ನೋಡುತ್ತಿರಲಿಲ್ಲ, ಬ್ಯಾಗು ನೋಡುತ್ತಿದ್ದಳು. ಬ್ಯಾಗು ಸ್ವಂತದ್ದಾದವರು ಹಿಡಿಕೆ ಹಿಡಿದು ಬೀಸಿಕೊಂಡು ಹೋಗುತ್ತಾರೆ, ಕದ್ದವರು ತಬ್ಬಿಕೊಂಡು ಹೋಗುತ್ತಾರೆ ಎಂಬುದು ಅವಳ ನಂಬಿಕೆ. ತಾನು ಹೊಲಿದ ಬ್ಯಾಗಂತೂ ಎಷ್ಟು ದೂರದಿಂದಲಾದರೂ ತಿಳಿಯುತ್ತಿತ್ತು, ಯಾಕೆಂದರೆ ಯಾವ ಬಣ್ಣದ ಬ್ಯಾಗಿಗೂ ಅವಳು ಹಾಕುತ್ತಿದ್ದದ್ದು ಕೆಂಪು ದಾರವೇ.

ಆ ದಿನ ಬೆಳಿಗ್ಗೆ ಆಫೀಸಿನವರ ನೂಕುನುಗ್ಗಲು ಶುರುವಾಗುವ ಹೊತ್ತಿಗೆ ಒಬ್ಬ ಮುದುಕಿ ಕಂದು ಬಣ್ಣದ ಸೂಟ್‌ಕೇಸು ತಂದಳು. ಹಿಡಿಕೆ ಒಂದು ಕಡೆ ಕಿತ್ತು ಬಂದಿತ್ತು. ಜಿಪ್ಪಕ್ಕ ಅದಕ್ಕೆ ಅಂಟು ಹಾಕಿ, ಮೇಲೆ ಕೆಂಪು ದಾರದ ಹೊಲಿಗೆ ಹಾಕಿ, "ನೋಡಿ ಅಮ್ಮಾ, ಅಂಟು ಇನ್ನೂ ಆರಿಲ್ಲ. ಮಧ್ಯಾಹ್ನದವರೆಗೂ ಹಿಡಿಕೆ ಎಳೀಬೇಡಿ. ಎತ್ತೋದಾದ್ರೆ ತಬ್ಕೊಂಡು ಎತ್ತಿ" ಎಂದಳು. ಮುದುಕಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ" ಎಂದು ಹರಸಿ, ಸೂಟ್‌ಕೇಸನ್ನು ಮೆಲ್ಲಗೆ ತಳ್ಳಿಕೊಂಡು ಪಕ್ಕದ ವಿಶ್ರಾಂತಿ ಕೋಣೆಗೆ ಹೋದಳು. ಒಬ್ಬಳೇ ಬಂದಿದ್ದಳು, ಒಬ್ಬಳೇ ಹೋದಳು. ಪಾಪ, ಯಾರೂ ಇಲ್ಲವೇನೋ ಎಂದು ಜಿಪ್ಪಕ್ಕನಿಗೆ ಕನಿಕರವೂ ಆಯಿತು.

ಸ್ವಲ್ಪ ಹೊತ್ತಿಗೆ ಅದೇ ಸೂಟ್‌ಕೇಸನ್ನು ಎದೆಗೆ ಅವುಚಿಕೊಂಡು ಒಬ್ಬ ಗಂಡಸು ಓಡಿ ಬಂದ. ದಪ್ಪ ಆಳು, ಬೋಳಿಸದ ಗಡ್ಡ, ಬೆವರಿನಲ್ಲಿ ತೊಯ್ದ ಅಂಗಿ. ಜನರನ್ನು ಮೊಣಕೈಯಿಂದ ತಿವಿಯುತ್ತ, ಹಿಂದೆ ತಿರುಗಿ ನೋಡುತ್ತ ಓಡುತ್ತಿದ್ದ. ಕಂದು ಬಣ್ಣದ ಮೇಲೆ ಕೆಂಪು ದಾರ ಕಂಡದ್ದೇ ಜಿಪ್ಪಕ್ಕನ ಮೈ ಉರಿಯಿತು. ಆ ಮುದುಕಿಯದನ್ನೂ ಬಿಡಲಿಲ್ಲವಲ್ಲ ಈ ಹಾಳಾದವನು! ಅವಳು ಕೊಕ್ಕೆ ಎತ್ತಿ ಶಟರಿಗೆ ಬಡಿದಳು.

ಸಾಲು ಪೂರ್ತಿ ದಡಬಡ ಎಂದಿತು. ಕೈಗಾಡಿಗಳು ಅಡ್ಡ ಬಂದವು. ಮೈದುನ ಕಾಲು ಚಾಚಿದ, ಆ ಮನುಷ್ಯ ಸೂಟ್‌ಕೇಸಿನ ಸಮೇತ ಮುಖ ಅಡಿಯಾಗಿ ಬಿದ್ದ. ಮೊದಲ ಏಟು ಜಿಪ್ಪಕ್ಕನದು. ಅವಳು ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮೊಣಕಾಲಿಗೆ ಇಳಿಸಿದಳು. ಒಳಗೆ ಏನೋ ಲಟ್ಟನೆ ಮುರಿದದ್ದು ಅವಳ ಅಂಗೈಗೆ ಗೊತ್ತಾಯಿತು. ಆಮೇಲೆ ಉಳಿದವರು ಮುಗಿಬಿದ್ದರು. ಜ್ಯೂಸ್ ಅಂಗಡಿಯವನು ಹಣ್ಣಿನ ಪೆಟ್ಟಿಗೆಯ ಹಲಗೆ ತಂದ, ಅದರ ಮೊಳೆಗಳೂ ಅದರಲ್ಲೇ ಇದ್ದವು. ಏನು ಎತ್ತ ಎಂದು ತಿಳಿಯದ ಪ್ರಯಾಣಿಕರು ಕೂಡ ತಮ್ಮ ಪಾಲಿನದೊಂದು ಒದ್ದು ರೈಲಿಗೆ ಓಡಿದರು. ಅವರಿಗೆ ಮನೆಯ ಸಿಟ್ಟೋ, ಆಫೀಸಿನ ಸಿಟ್ಟೋ, ಯಾರು ಕಂಡರು.

ಎರಡನೆಯ ಏಟಿಗೆಂದು ಬಗ್ಗಿದವಳಿಗೆ ಅವನ ಮಾತು ಕೇಳಿಸಿತು. ಬಾಯಿ ತುಂಬ ರಕ್ತ, ಆದರೂ ಅವನು ಸೂಟ್‌ಕೇಸನ್ನು ಬಿಟ್ಟಿರಲಿಲ್ಲ.

"ಅಮ್ಮಂದು... ನಮ್ಮಮ್ಮಂದು ಇದು. ಅವ್ರನ್ನ ಪ್ಲಾಟ್‌ಫಾರ್ಮಲ್ಲಿ ಕೂರ್ಸಿ ಬಂದೆ... ಎಳೀಬೇಡಿ, ಅಂಟು ಆರಿಲ್ಲ."

ಎತ್ತಿದ ಕೊಕ್ಕೆಯನ್ನು ಜಿಪ್ಪಕ್ಕ ಕೆಳಗಿಳಿಸಿದಳು. ಅಂಟು ಆರಿಲ್ಲ ಎಂದು ಹೇಳಿದ್ದು ಅವಳೇ, ತಬ್ಬಿಕೊಳ್ಳಿ ಎಂದದ್ದೂ ಅವಳೇ. ರೈಲಿನ ಪ್ಲಾಟ್‌ಫಾರ್ಮ್ ಬದಲಾಗಿದೆ ಎಂದು ಮೇಲೆ ಮೈಕಿನಲ್ಲಿ ಇನ್ನೂ ಒದರುತ್ತಿದ್ದರು. ತಾಯಿಯನ್ನು ಮೊದಲು ದಾಟಿಸಿ, ಸಾಮಾನಿಗೆಂದು ವಿಶ್ರಾಂತಿ ಕೋಣೆಗೆ ವಾಪಸು ಓಡಿ ಬಂದಿದ್ದ ಮಗ ಇವನು.

"ಬಿಡ್ರೋ! ಕಳ್ಳ ಅಲ್ವಂತೆ, ಬಿಡ್ರೋ!" ಎಂದು ಕಿರುಚಿದಳು. ಮೈಕಿನ ಸದ್ದಿನಲ್ಲಿ, ಬೈಗುಳದ ಸದ್ದಿನಲ್ಲಿ ಅವಳ ಗಂಟಲು ಅವಳಿಗೇ ಕೇಳಿಸಲಿಲ್ಲ. ಒಬ್ಬನ ಅಂಗಿ ಹಿಡಿದು ಎಳೆದರೆ ಆ ಜಾಗಕ್ಕೆ ಇನ್ನಿಬ್ಬರು ನುಗ್ಗಿದರು. ಎಂಥ ಗದ್ದಲದಲ್ಲೂ ಇವರೆಲ್ಲ ತಲೆ ಎತ್ತಿ ನೋಡುವುದು ಒಂದೇ ಸದ್ದಿಗೆ ಎಂದು ಅವಳಿಗೆ ಹೊಳೆಯಿತು. ಓಡಿ ಹೋಗಿ ಮೈಯ ಬಲವನ್ನೆಲ್ಲ ಬಿಟ್ಟು ಶಟರ್ ಬಡಿದಳು, ಬಡಿದಳು, ಬಡಿದೇ ಬಡಿದಳು.

ಎಲ್ಲರೂ ತಲೆ ಎತ್ತಿದರು, ನಿಜ. ಇನ್ನೊಬ್ಬ ಕಳ್ಳನೂ ಇದ್ದಾನೆ, ಇದು ದೊಡ್ಡ ಗುಂಪು ಎಂದುಕೊಂಡರು. ಹಾದಿಯ ಆ ತುದಿಯ ಅಂಗಡಿಯವರೂ ಕೊಕ್ಕೆ ಹಿಡಿದು ಓಡಿ ಬಂದರು. ಸುತ್ತ ಬೇರೆ ಯಾರೂ ಕಾಣದೆ, ಬಿದ್ದಿದ್ದವನ ಮೇಲೇ ಹೊಸ ಏಟುಗಳು ಬಿದ್ದವು. "ಉಳಿದವ್ರು ಎಲ್ಲೋ? ಬೊಗಳೋ!" ಎಂದು ಕೇಳಿ ಕೇಳಿ ಹೊಡೆದರು. ಶುರು ಮಾಡಲು ಒಂದು ಸನ್ನೆಯನ್ನು ಅವಳು ಎಲ್ಲರಿಗೂ ಕಲಿಸಿದ್ದಳು. ನಿಲ್ಲಿಸಲು ಒಂದು ಬೇಕಾದೀತೆಂದು ಅವಳ ತಲೆಗೆ ಯಾವತ್ತೂ ಬಂದಿರಲಿಲ್ಲ.

ಅವನು ಸತ್ತೇ ಹೋಗುತ್ತಾನೆ, ತಾನು ಕೊಂದಂತಾಗುತ್ತದೆ. ಅವಳಿಗೆ ಬೇರೇನೂ ತೋಚಲಿಲ್ಲ. ಕಾಲುಗಳ ನಡುವೆ ತೂರಿ ಹೋಗಿ ಅವನ ಮೇಲೆ ಕವುಚಿ ಬಿದ್ದಳು. ಮೊಳೆಯ ಹಲಗೆ ಅವಳ ಬೆನ್ನಿಗೆ ಕಚ್ಚಿಕೊಂಡಿತು. ಯಾರದೋ ಬೂಟು ಪಕ್ಕೆಗೆ ಬಡಿದು ಉಸಿರು ನಿಂತಿತು. ಅವನು ಅಡಿಯಲ್ಲಿ ನಡುಗುತ್ತಿದ್ದ, ಆ ನಡುಕ ಅವಳ ಹೊಟ್ಟೆಗೆ ತಾಗುತ್ತಿತ್ತು.

"ಅತ್ತಿಗೆ, ಏಳಿ ಮೇಲೆ! ಅವನನ್ನ ನಂಗೆ ಬಿಡಿ!" ಎಂದು ಮೈದುನ ಅವಳ ತೋಳು ಹಿಡಿದು ಎಳೆದ.

ಅವಳು ಮಲಗಿದಲ್ಲಿಂದಲೇ ಕೊಕ್ಕೆ ಬೀಸಿದಳು. ಅದು ಮೈದುನನ ಮುಂಗೈಗೆ ಬಿತ್ತು. ಅವನು ನಾಯಿಯಂತೆ ಕೂಗಿಕೊಂಡ. ಜ್ಯೂಸ್ ಅಂಗಡಿಯವನ ಕಾಲಿಗೂ ಒಂದು ಬಿತ್ತು. "ಅವ್ರಮ್ಮಂದೋ ಅದು! ನಾನೇ ತಪ್ಪು ಬಡ್ದೆ ಕಣ್ರೋ! ಹೊಡಿಯೋದಾದ್ರೆ ನನ್ನ ಹೊಡೀರಿ!" ಎಂದು ಅರಚಿದಳು. ಸ್ವಂತ ಮೈದುನನ ಮುರಿದ ಕೈ ಜೋತಾಡುವುದನ್ನು ಕಂಡ ಮೇಲೆ ಆ ಗುಂಪು ತೆಪ್ಪಗಾಯಿತು. ಕೆಲವರು ಕೊಕ್ಕೆಗಳನ್ನು ಬೆನ್ನ ಹಿಂದೆ ಮರೆಮಾಡಿದರು, ಪ್ರಯಾಣಿಕರಿಗೆಲ್ಲ ತಟ್ಟನೆ ರೈಲಿನ ನೆನಪಾಯಿತು.

ಅಷ್ಟರಲ್ಲಿ ಮುದುಕಿ ಮಗನನ್ನು ಹುಡುಕಿಕೊಂಡು ವಾಪಸು ಬಂದಳು. ಜನ ದಾರಿ ಬಿಟ್ಟರು. ಅವಳು ಕಂಡದ್ದು ರಕ್ತದಲ್ಲಿ ಬಿದ್ದ ಮಗನನ್ನು, ಅವನನ್ನು ತಬ್ಬಿ ಮಲಗಿದ್ದ ಜಿಪ್ಪಕ್ಕನನ್ನು, ಅವಳ ಬೆನ್ನಿನ ಗಾಯವನ್ನು. ಕುಸಿದು ಕೂತು ಜಿಪ್ಪಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಷ್ಟು ಜನದಲ್ಲಿ ನೀನೊಬ್ಳೇ ಅಡ್ಡ ಬಂದ್ಯಲ್ಲ ತಾಯಿ."

ಸುಮ್ಮನಿದ್ದರೆ ಆಗುತ್ತಿತ್ತು. ಸಾಲಿನ ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಆ ಬೆಚ್ಚನೆಯ ಕೈ ಜಿಪ್ಪಕ್ಕನಿಗೆ ಮೊಳೆಗಿಂತ ಹೆಚ್ಚು ಚುಚ್ಚಿತು.

"ಅಡ್ಡ ಬಂದೋಳು ಅಲ್ಲಮ್ಮಾ. ಕಳ್ಳ ಅಂತ ಶಟರ್ ಬಡ್ದಿದ್ದು ನಾನು. ಆ ಮಂಡಿ ಮುರ್ದಿದ್ದೂ ನಾನೇ."

ಮುದುಕಿ ಕೈ ಬಿಟ್ಟಳು. ಬಿಟ್ಟ ಕೈಯಿಂದಲೇ ಜಿಪ್ಪಕ್ಕನ ಕೆನ್ನೆಗೆ ಬಾರಿಸಿದಳು, ಮತ್ತೆ ಬಾರಿಸಿದಳು. ಹೊಡೆದು ಅಭ್ಯಾಸವಿಲ್ಲದ ಕೈ, ಏಟುಗಳು ಕಣ್ಣಿಗೆ, ಕಿವಿಗೆ ಎಲ್ಲೆಲ್ಲೋ ಬಿದ್ದವು. ಕೈ ಸೋತ ಮೇಲೆ ಮುದುಕಿ ಸುತ್ತ ನೋಡಿದಳು. ಸ್ಟ್ರೆಚರ್ ಬಂದಿತ್ತು, ಮಗನೋ ದಪ್ಪ ಆಳು, ಎತ್ತಲು ಯಾರೂ ಮುಂದೆ ಬರಲಿಲ್ಲ. ಇಷ್ಟು ಹೊತ್ತು ಆ ಮೈ ಮುಟ್ಟಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದವರೇ ಇವರು.

"ನಿನ್ನನ್ನ ಆಮೇಲೆ ನೋಡ್ಕೋತೀನಿ" ಎಂದಳು ಮುದುಕಿ. "ಈಗ ತಲೆ ಹಿಡ್ಕೋ. ಮೆಲ್ಲಗೆ."

ಜಿಪ್ಪಕ್ಕ ತಲೆಯ ಕಡೆ ಬಂದು ಅವನ ಕುತ್ತಿಗೆಯ ಅಡಿಗೆ ತೋಳು ಕೊಟ್ಟಳು. ಎತ್ತುವಾಗ ಅವನು ಬಾತ ಕಣ್ಣೊಂದನ್ನು ಕಷ್ಟಪಟ್ಟು ಬಿಡಿಸಿದ. ಮೇಲೆ ಬಗ್ಗಿದ್ದ ಅವಳ ಮುಖ ಕಂಡದ್ದೇ ಅವನ ಎರಡೂ ಕೈ ಎದ್ದು ತಲೆಗೆ ಅಡ್ಡ ಬಂದವು.

"ಹೊಡಿಯಲ್ಲಪ್ಪಾ, ಹೊಡಿಯಲ್ಲ" ಎಂದಳು ಅವಳು. ಸಾಲಿನುದ್ದಕ್ಕೂ ಹೇಳಿದಳು, ಗೇಟಿನ ತನಕ ಹೇಳಿದಳು. ಆ ಕೈಗಳು ಕೆಳಗಿಳಿಯಲಿಲ್ಲ.