ಪತ್ತಾರರ ತಗಡಿನ ಡಬ್ಬಿ

ಟಿಣ್ ಟಿಣ್, ಟಿಣ್ ಟಿಣ್. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಮತ್ತೆ ಟಿಣ್ ಟಿಣ್.

ಬೈಲಹೊಂಗಲದಲ್ಲಿ ನಮ್ಮ ಅಡುಗೆಮನೆಯ ಗೋಡೆಯಾಚೆಯಿಂದ ಬರುತ್ತಿದ್ದ ಆ ಸಪ್ಪಳವನ್ನು ಈಗಲೂ ನಾನು ಟೇಬಲ್ ಮೇಲೆ ಬೆರಳಿನಿಂದ ಬಾರಿಸಿ ತೋರಿಸಬಲ್ಲೆ. ಆ ಬಿಡುವಿನಲ್ಲಿ ಪಕ್ಕದ ಮನೆಯ ಪತ್ತಾರರು ಇಕ್ಕಳದಲ್ಲಿ ಹಿಡಿದ ಬಂಗಾರದ ತುಣುಕನ್ನು ಆಚೆ ಮಗ್ಗುಲಿಗೆ ತಿರುಗಿಸುತ್ತಿದ್ದರು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಪಿಯಾನೊ ಕಲಿಸುತ್ತಿದ್ದ ಸಿಸ್ಟರ್, ‘ರೆಸ್ಟ್ ಕೂಡ ಮ್ಯೂಸಿಕ್ಕೇ’ ಎನ್ನುತ್ತಿದ್ದರು. ಆ ರೆಸ್ಟ್ ಒಂದಿಷ್ಟು ಉದ್ದವಾದರೆ ನನ್ನ ಕೈಕಾಲು ತಣ್ಣಗಾಗುವ ದಿನಗಳು ಬರುತ್ತವೆಂದು ಮದುವೆಯಾಗಿ ಆ ಮನೆಗೆ ಬಂದಾಗ ಯಾರು ಹೇಳಿದ್ದರು?

ನಮಗೂ ಅವರಿಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಪತ್ತಾರರದು ತಲೆತಲಾಂತರದ ಬಂಗಾರದ ಕೆಲಸ. ಬುಗುಡಿ, ಝುಮಕಿ, ಪಾಟ್ಲಿ ಎಲ್ಲ ಮಾಡುತ್ತಿದ್ದರು. ಆದರೆ ಅವರ ಹೆಸರು ನಿಂತಿದ್ದು ಬೋರಮಾಳದ ಮೇಲೆ. ಬೋರೆಹಣ್ಣಿನಂಥ ಗುಂಡುಗಳ ಆ ಸರವಿಲ್ಲದೆ ನಮ್ಮ ಕಡೆ ಮದುವೆಯೇ ಇಲ್ಲ. ಗುಂಡು ಹೊರಗಿನಿಂದ ಗಟ್ಟಿ ಬಂಗಾರದಂತೆ ಕಾಣುತ್ತದೆ. ನಿಜಕ್ಕೂ ಅದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ತಗಡು, ಒಳಗೆಲ್ಲ ಅರಗು. ಕಾಯಿಸಿದ ಅರಗನ್ನು ಆ ಪುಟ್ಟ ತೂತಿನೊಳಗೆ ತುಂಬುವಾಗ ಪತ್ತಾರರು ಉಸಿರು ಬಿಗಿಹಿಡಿಯುತ್ತಿದ್ದರು. ನೋಡುತ್ತ ನಿಂತವರೂ ಹಿಡಿಯುತ್ತಿದ್ದರು. ಮುನವಳ್ಳಿ, ಕಿತ್ತೂರು, ತೊರಗಲ್ಲಿನಿಂದಲೂ ಜನ ಬರುತ್ತಿದ್ದರು. ಸವದತ್ತಿಯ ಎಲ್ಲಮ್ಮನಿಗೆ ಹರಕೆಯ ಬೆಳ್ಳಿ ಕಣ್ಣುಗಳು ಅವರ ಕೈಯಿಂದಲೇ ಹೋಗುತ್ತಿದ್ದವು.

ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಆ ಸಪ್ಪಳ ತೆಳುವಾಯಿತು. ಬೆಳಗಾವಿಯಲ್ಲಿ ಏಸಿ ಹಾಕಿದ ಶೋರೂಮುಗಳು ಬಂದವು, ಮುಂಬಯಿ, ಕೋಲ್ಕತ್ತಗಳಿಂದ ಮಷೀನ್ ಮಾಲು ಬಂತು. ಜನ ಬೆಳಿಗ್ಗೆ ಬಸ್ಸು ಹತ್ತಿ, ಸಂಜೆ ಕೆಂಪು ವೆಲ್ವೆಟ್ ಡಬ್ಬಿ ಹಿಡಿದು ಇಳಿಯತೊಡಗಿದರು. ಬೆಳ್ಳಿ ಕಣ್ಣುಗಳನ್ನೂ ಅಚ್ಚಿನಲ್ಲಿ ಒತ್ತುವ ಕಾಲ ಬಂತು. ಪತ್ತಾರರಿಗೆ ಉಳಿದದ್ದು ಕಿತ್ತ ಕೊಂಡಿ ಬೆಸೆಯುವ ಕೆಲಸ, ಕೂಸುಗಳ ಕಿವಿ ಚುಚ್ಚುವ ಕೆಲಸ.

ಒಂದು ಮಧ್ಯಾಹ್ನ ಅವರ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ನಿಂತರು. ಆಗಷ್ಟೇ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದರು. ಸೆರಗಿಗೆ ಜೋಳದ ಹಿಟ್ಟು ಹತ್ತಿತ್ತು.

“ಅಕ್ಕಾರ, ಒಂದ ಮಾತ ಹೇಳತೇನಿ, ಯಾರ ಮುಂದೂ ಆಡಬ್ಯಾಡ್ರಿ.”

“ಇಲ್ಲ, ಹೇಳ್ರಿ.”

“ಇವ್ರು ಊಟಾ ಬಿಟ್ಟಾರ. ಅಗ್ಗಿಷ್ಟಿಗಿ ಮುಂದ ಕುಂತು ಬೂದಿ ನೋಡ್ತಾರ. ಮಾಡದಾಗ ಆ ಡಬ್ಬಿ ಐತಲ್ರಿ... ನನಗ ಅದರದ ಅಂಜಿಕಿ.”

ಯಾವ ಡಬ್ಬಿ ಎಂದು ನಾನು ಕೇಳಬೇಕಾಗಿರಲಿಲ್ಲ. ಗೋಡೆಯ ಮಾಡದಲ್ಲಿ ಮುಚ್ಚಳ ಬಿಗಿದಿಟ್ಟ ತಗಡಿನ ಡಬ್ಬಿಯನ್ನು ನಾನೂ ನೋಡಿದ್ದೆ. ಅದರಲ್ಲಿದ್ದದ್ದು ಸೈನೈಡ್, ಬಂಗಾರಕ್ಕೆ ಹೊಳಪು ತರಲು ಆ ಕಾಲದ ಪತ್ತಾರರು ಇಟ್ಟುಕೊಳ್ಳುತ್ತಿದ್ದ ವಿಷ. ಕೆಲಸ ನಿಂತ ಪತ್ತಾರರು ಅಲ್ಲಲ್ಲಿ ಏನು ಮಾಡಿಕೊಂಡರೆಂಬ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ಅಂಥ ಪುಟವನ್ನು ನಾನು ಮಡಚಿ ಕೆಳಗೆ ಹಾಕುತ್ತಿದ್ದೆ.

“ನಾ ಇಲ್ಲದಾಗ ಸುತ್ತಿಗಿ ಸಪ್ಪಳ ನಿಂತ್ರ,” ಎಂದರು ಆಕೆ, “ಒಂದೀಟ ಗೋಡಿ ಬಡೀರಿ. ಅಷ್ಟ ಸಾಕು.”

ಅಂದಿನಿಂದ ನನ್ನ ಕಿವಿ ನನ್ನದಾಗಿ ಉಳಿಯಲಿಲ್ಲ. ಮಿಕ್ಸರ್ ಹಾಕಲು ಹೆದರಿಕೆ, ರೇಡಿಯೊ ಹಚ್ಚಲು ಹೆದರಿಕೆ. ಕುಕ್ಕರ್ ಸೀಟಿ ಹೊಡೆದರೆ ಅದರ ಅಡಿಯಲ್ಲಿ ಗೋಡೆಯಾಚೆಯ ಸಪ್ಪಳ ಮುಚ್ಚಿಹೋಗಿ, ನಾನು ಸ್ಟೋವ್ ಆರಿಸಿ ಗೋಡೆಗೆ ಕಿವಿ ಹಚ್ಚುತ್ತಿದ್ದೆ. ಸಪ್ಪಳ ನಿಂತರೆ ಲಟ್ಟಣಿಗೆಯಿಂದ ಗೋಡೆಗೆ ಕುಟ್ಟುತ್ತಿದ್ದೆ. ಆ ಕಡೆಯಿಂದ ಸುತ್ತಿಗೆ ಟಿಣ್ ಎಂದರೆ ಮಾತ್ರ ಮತ್ತೆ ಸ್ಟೋವ್ ಹಚ್ಚುತ್ತಿದ್ದೆ. ‘ಗೋಡಿ ಕೂಡ ಏನ ಮಾತಾಡ್ತೀ?’ ಎಂದು ನಮ್ಮ ಯಜಮಾನರು ನಗುತ್ತಿದ್ದರು. ಗೋಡೆಗೆ ಹಲ್ಲಿ ಕಾಟ ಎಂದು ಎಕ್ಸ್‌ಕ್ಯೂಸ್ ಕೊಡುತ್ತಿದ್ದೆ.

ಕೆಲಸವಿದ್ದರೆ ತಾನೇ ಸಪ್ಪಳ? ನನ್ನ ಬೋರಮಾಳದ ಗುಂಡುಗಳಿಗೆ ಇಲ್ಲದ ನೆಗ್ಗು ಹುಡುಕಿದೆ. ಬುಗುಡಿಯ ತಿರುಪು ಸಡಿಲವೆಂದೆ. ಪತ್ತಾರರು ಅದನ್ನು ಬೆಳಕಿಗೆ ಹಿಡಿದು, ನನ್ನನ್ನೂ ಹಾಗೆಯೇ ಬೆಳಕಿಗೆ ಹಿಡಿದಂತೆ ನೋಡಿದರು.

“ಬಾಯಾರ, ಈ ತಿರುಪು ಹೋದ ತಿಂಗಳ ಬಿಗಿ ಇತ್ತಲ್ರಿ. ನಿಮ್ಮ ಕಿವಿಯೇನ ರಾತ್ರೋರಾತ್ರಿ ದಪ್ಪ ಆತೋ?”

“ವಯಸ್ಸಾತ್ರಿ, ಎಲ್ಲಾ ದಪ್ಪ ಆಗಾಕತ್ತದ.”

“ನಾಲಿಗಿ ಒಂದು ತೆಳ್ಳಗ ಉಳದೈತಿ,” ಎಂದು ತಿರುಪನ್ನು ಇಕ್ಕಳದಲ್ಲಿ ಹಿಡಿದು ಊದುಗೊಳವೆಗೆ ಕೈಹಾಕಿದರು. ನಾನು ಬಾಗಿಲಲ್ಲೇ ಕುಳಿತು ಮಾಡದ ಡಬ್ಬಿಯ ಕಡೆ ಕಳ್ಳನೋಟ ಬೀರುತ್ತಿದ್ದೆ. ಧೂಳು ಹಿಡಿದಿದ್ದರೆ ಸಮಾಧಾನ. ಒರೆಸಿದಂತಿದ್ದರೆ ಅವರ ಹೆಂಡತಿ ಬರುವವರೆಗೆ ಏಳುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಗೋಡೆಯಾಚೆ ಯಾವ ಸಪ್ಪಳವೂ ಇರಲಿಲ್ಲ. ನಾನು ಧಾರವಾಡದಲ್ಲಿ ಕೆಲದಿನ ತಂಗಿಯ ಮನೆಯಲ್ಲಿದ್ದು ಹಿಂದಿನ ಸಂಜೆಯಷ್ಟೇ ಬಂದಿದ್ದೆ. ವಾರ, ತಿಥಿ ಯಾವುದೂ ತಲೆಯಲ್ಲಿರಲಿಲ್ಲ. ಖಾನಾವಳಿಯಲ್ಲಿ ಯಾರದೋ ಹರಕೆಯ ಊಟವೆಂದು ಪತ್ತಾರರ ಹೆಂಡತಿ ನಸುಕಿನಲ್ಲೇ ಹೋದದ್ದನ್ನು ಕಿಟಕಿಯಿಂದ ಕಂಡಿದ್ದೆ. ಚಹಾ ಆಯಿತು, ಸಪ್ಪಳವಿಲ್ಲ. ಚಪಾತಿಗೆ ಹಿಟ್ಟು ಕಲಸಿದೆ, ಸಪ್ಪಳವಿಲ್ಲ. ಲಟ್ಟಣಿಗೆಯಿಂದ ಕುಟ್ಟಿದೆ. ಇನ್ನೂ ಜೋರಾಗಿ ಕುಟ್ಟಿದೆ, ಗೋಡೆಯ ಸುಣ್ಣ ಹಿಟ್ಟಿನ ಮೇಲೆ ಉದುರಿತು.

ಹಿಟ್ಟಿನ ಕೈಯಲ್ಲೇ, ಬರಿಗಾಲಲ್ಲಿ ಓಡಿದೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಆ ಪತ್ತಾರರ ಮನೆಯ ಬಾಗಿಲಿಗೆ ಹಗಲಿನಲ್ಲಿ ಚಿಲಕ ಬಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಬಡಿದೆ, ಕೂಗಿದೆ. ಬಾಯಿಯಲ್ಲಿ ಕಾನ್ವೆಂಟಿನ ಪ್ರೇಯರ್ ತಾನಾಗಿ ಬರತೊಡಗಿತು, ಅದರ ಅರ್ಧಕ್ಕೆ ಬಸವಣ್ಣ, ಎಲ್ಲಮ್ಮ ಎಲ್ಲರೂ ಬಂದು ಸೇರಿಕೊಂಡರು. ಅಂಗಳದಲ್ಲಿದ್ದ ಒರಳಿನ ಗುಂಡನ್ನು ಎತ್ತಿ ಬಾಗಿಲಿಗೆ ಹಾಕಬೇಕು, ಅಷ್ಟರಲ್ಲಿ ಚಿಲಕ ಸರಿಯಿತು.

ಪತ್ತಾರರು ಒದ್ದೆ ಧೋತರದಲ್ಲಿ ನಿಂತಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಊದುಬತ್ತಿ. ಒಮ್ಮೆ ನನ್ನ ಮುಖ, ಒಮ್ಮೆ ಒರಳಿನ ಗುಂಡು ನೋಡಿದರು.

“ಏನ್ರಿ ಬಾಯಾರ, ಚಟ್ನಿ ಅರಿಯಾಕ ಬಂದ್ರೋ, ನನ್ನ ತಲಿ ಒಡ್ಯಾಕ ಬಂದ್ರೋ?”

“ಸಪ್ಪಳಾ... ಸಪ್ಪಳಾ ಇಲ್ಲಲ್ರಿ. ಬಾಗಲಾ ಬ್ಯಾರೆ ಹಾಕೀರಿ.”

“ಇವತ್ತ ಅಮಾಸಿ ಅಲ್ಲೇನ್ರಿ. ಅಮಾಸಿ ದಿನಾ ಯಾ ಪತ್ತಾರ ಸುತ್ತಿಗಿ ಹಿಡೀತಾನ? ಪೂಜಾ ನಡದಿತ್ತು. ನಾಯಿ ಒಳಗ ಬರತೈತಂತ ಬಾಗಲಾ ಹಾಕಿದ್ದೆ.”

ಬಡಿಗೇರರಿಗೆ, ಕಂಬಾರರಿಗೆ, ಪತ್ತಾರರಿಗೆ ಅಮಾವಾಸ್ಯೆ ರಜೆ ಎಂಬುದು ನಮ್ಮ ಓಣಿಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಹೆದರಿಕೆಯ ಮುಂದೆ ಗೊತ್ತಿದ್ದದ್ದೆಲ್ಲ ಎಲ್ಲಿ ಹೋಗುತ್ತದೋ. ಅವರ ಹಿಂದೆ ಮಣೆಯ ಮೇಲೆ ತೊಳೆದ ಅಡಿಗಲ್ಲು, ಇಕ್ಕಳ, ಊದುಗೊಳವೆ, ಚಿಕ್ಕ ಸುತ್ತಿಗೆ, ಎಲ್ಲಕ್ಕೂ ಕುಂಕುಮ. ಸಾಲಿನ ಕೊನೆಗೆ ಆ ಡಬ್ಬಿ. ಅದರ ಮುಚ್ಚಳದ ಮೇಲೂ ಒಂದು ಕೆಂಪು ದಾಸವಾಳ.

ನನ್ನ ಕಣ್ಣು ಅಲ್ಲೇ ನಿಂತಿತು. ಅವರು ನನ್ನ ಕಣ್ಣಿನ ಜಾಡು ಹಿಡಿದು ಹಿಂದಕ್ಕೆ ತಿರುಗಿ ನೋಡಿದರು. ಬುಗುಡಿಯ ತಿರುಪು, ಗೋಡೆಯ ಕುಟ್ಟು, ಬಾಗಿಲಲ್ಲಿ ಕೂಡುವುದು, ಎಲ್ಲ ಒಮ್ಮೆಲೇ ಅವರಿಗೆ ತಿಳಿದಿರಬೇಕು. ಊದುಬತ್ತಿಯ ಬೂದಿ ಅವರ ಪಾದದ ಮೇಲೆ ಬಿತ್ತು, ಅವರು ಕಾಲು ಸರಿಸಲಿಲ್ಲ.

“ಹೋಗ್ರಿ ಬಾಯಾರ,” ಎಂದರು ಮೆಲ್ಲಗೆ. “ಹಿಟ್ಟ ಒಣಗತೈತಿ.”

ಮರುದಿನ ಅವರೇ ನಮ್ಮ ಮನೆಗೆ ಬಂದರು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟರು.

“ಇದನ್ನ ನೀವ ಇಟಗೋರಿ. ಕೆಲಸಾ ಬಂದಾಗ ಕೇಳತೇನಿ. ಕೆಲಸಾ ನೋಡಿ ಕೊಡ್ರಿ.”

“ನಾ ಯಾಕ್ರಿ? ನನಗ ಹೆದರಿಕಿ.”

“ನನಗೂ ಐತ್ರಿ,” ಎಂದರು. “ಅದಕ್ಕ ತಂದೇನಿ.”

ಹೀಗೆ ಗೋಡೆಯಾಚೆಯ ಹೆದರಿಕೆ ನಮ್ಮ ಮನೆಯೊಳಗೆ ಬಂದು ಕುಳಿತಿತು. ಎಲ್ಲಿಡಲಿ? ಅಡುಗೆಮನೆ ಸಾಧ್ಯವೇ ಇಲ್ಲ. ಕೊನೆಗೆ ಕಬ್ಬಿಣದ ಕಪಾಟಿನ ಲಾಕರಿನಲ್ಲಿ, ನನ್ನ ಬೋರಮಾಳದ ಪಕ್ಕದಲ್ಲೇ ಇಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸರ ತೆಗೆಯಲು ಹೋದಾಗಲೆಲ್ಲ ಬೆರಳು ಡಬ್ಬಿಗೆ ತಾಗಬಾರದೆಂದು ಅದರ ತುದಿ ಹಿಡಿದು ಎಳೆಯುತ್ತಿದ್ದೆ. ತಾಗದಿದ್ದರೂ ಸೋಪು ಹಚ್ಚಿ ತೊಳೆಯುತ್ತಿದ್ದೆ. ಯಾವುದೇ ಮದುವೆಗೆ ಹೋದರೂ ಕೊರಳಲ್ಲಿ ಆ ಗುಂಡುಗಳು ತಣ್ಣಗೆ ತಾಗಿದಾಗ ಮನೆಯ ಲಾಕರು ನೆನಪಾಗುತ್ತಿತ್ತು.

ಪತ್ತಾರರು ಡಬ್ಬಿ ಕೇಳಲು ಬಂದಾಗ ನಾನು ಮೊದಲು ಮುಖ ನೋಡುತ್ತಿದ್ದೆ, ಆಮೇಲೆ ಕೈ. ಕೈಯಲ್ಲಿ ಕಿತ್ತೂರಿನ ಯಾರದೋ ನತ್ತು, ಮುನವಳ್ಳಿಯವರ ಝುಮಕಿ. “ಇನ್ಸ್‌ಪೆಕ್ಟರ್ ಬಾಯಾರ, ನೋಡಕೋರಿ,” ಎಂದು ಅಂಗೈ ಚಾಚುತ್ತಿದ್ದರು. ಅವರು ಕೆಲಸ ಮುಗಿಸುವವರೆಗೆ ನಾನು ಅವರ ಬಾಗಿಲಲ್ಲಿ ಕುಳಿತಿದ್ದು, ಆಮೇಲೆ ಡಬ್ಬಿಯನ್ನು ವಾಪಸು ತರುತ್ತಿದ್ದೆ.

ಒಂದು ಸಲ ಬರಿಗೈಯಲ್ಲಿ ಬಂದರು. ಶ್ರಾವಣದ ಮೋಡ ಮುಸುಕಿದ ಮಧ್ಯಾಹ್ನ. ಹೆಂಡತಿ ಖಾನಾವಳಿಯಲ್ಲಿ, ನಮ್ಮ ಯಜಮಾನರು ಆಫೀಸಿನಲ್ಲಿ.

“ಡಬ್ಬಿ ಕೊಡ್ರಿ.”

“ಕೆಲಸಾ ತೋರಸ್ರಿ.”

“ಕೆಲಸಾ ಇಲ್ರಿ.”

ಮುಖದಲ್ಲಿ ನಗುವಿರಲಿಲ್ಲ. ನನ್ನ ಸೊಂಟದ ಕೀಲಿ ಬೆಂಕಿಯಂತೆ ಸುಟ್ಟಿತು. ಕೂಗಿದರೆ ಯಾರು ಬರುತ್ತಾರೆ? ಬಂದವರಿಗೆ ಏನು ಹೇಳಲಿ? ಕಾನ್ವೆಂಟಿನಲ್ಲಿ ನನಗೆ ಥ್ಯಾಂಕ್ ಯೂ, ಪಾರ್ಡನ್ ಎಲ್ಲ ಕಲಿಸಿದ್ದರು. ಇದಕ್ಕೆ ಏನು ಹೇಳಬೇಕೆಂದು ಕಲಿಸಿರಲಿಲ್ಲ.

“ಕೂಡ್ರಿ,” ಎಂದೆ. “ಚಾ ಮಾಡತೇನಿ.”

ಅವರು ಕುಳಿತರು. ನಾನು ಅಡುಗೆಮನೆಗೆ ಹೋಗಲಿಲ್ಲ, ಅವರೊಬ್ಬರನ್ನೇ ಬಿಟ್ಟು ಹೋಗುವ ಧೈರ್ಯವಿರಲಿಲ್ಲ. ಕೈಯ ಪಾಟ್ಲಿಗಳನ್ನು ಎಳೆದು ತೆಗೆದು ಅವರ ಮುಂದಿಟ್ಟೆ. ಗೆಣ್ಣು ತರಚಿ ರಕ್ತ ಬಂದಿತ್ತು.

“ಇವನ್ನ ಮುರೀರಿ. ಹೊಸಾವು ಮಾಡ್ರಿ. ಡಿಸೈನ್ ಹಳೀದಾತು.”

ಅವರು ಒಂದು ಪಾಟ್ಲಿಯನ್ನು ಎತ್ತಿ ತಿರುಗಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿದರು. “ಇವು ನಮ್ಮಪ್ಪ ಮಾಡಿದ್ದು, ನಿಮ್ಮ ಅತ್ತಿಯವ್ರಿಗೆ. ಇವನ್ನ ಮುರಿದ್ರ ನನ್ನ ಕೈ ಸೇದಿ ಹೋಗತಾವು. ಹಾಕ್ಕೋರಿ.” ಹಾಕಿಕೊಳ್ಳುವವರೆಗೆ ನೋಡುತ್ತ ಕುಳಿತರು. “ಡಬ್ಬಿ ಕೊಡೂದಿಲ್ಲೇನು?”

“ಕೊಡೂದಿಲ್ಲ.”

“ಅತ್ತು ಕೇಳಿದ್ರ?”

“ಕೊಡೂದಿಲ್ಲ ಅಂದ್ನೆಲ್ರಿ.”

ಅವರು ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿದರು. ಆಮೇಲೆ, “ಇಷ್ಟ ಗೊತ್ತಾಗಬೇಕಾಗಿತ್ರಿ ನನಗ,” ಎಂದರು. “ಚಾಕ್ಕ ಸಕ್ರಿ ಕಡಿಮಿ ಹಾಕ್ರಿ.”

ನಾನು ಚಹಾ ಸೋಸುವಾಗ ಅರ್ಧ ಹೊರಗೇ ಚೆಲ್ಲಿತು. ಅವರು ಹೆಂಡತಿ ಬರುವವರೆಗೂ ನಮ್ಮ ಪಡಸಾಲೆಯಲ್ಲೇ ಕುಳಿತಿದ್ದರು. ಆಕೆಗೆ ನಾನು ಎಲ್ಲವನ್ನೂ ಹೇಳಿದೆ, ಅವರ ಎದುರಿಗೇ.

ಮುಂದಿನ ವಾರವೇ ರಾಮದುರ್ಗದಿಂದ ಪತ್ತಾರರ ಮಗಳು, ಅಳಿಯ ಬಂದರು. ಅಳಿಯನದು ಅಲ್ಲಿ ಬೆಳ್ಳಿ ಸಾಮಾನಿನ ಸಣ್ಣ ಅಂಗಡಿ. ಕಾಲ್ಗೆಜ್ಜೆ ಬೆಸೆಯುವುದು, ಉಡುದಾರ ಕೂಡಿಸುವುದು, ದಿನಕ್ಕೆ ನಾಲ್ಕು ಜನರ ಜೊತೆ ಮಾತು. ಪತ್ತಾರರನ್ನೂ ಹೆಂಡತಿಯನ್ನೂ ಅಲ್ಲಿಗೇ ಕರೆದೊಯ್ಯುವುದೆಂದಾಯಿತು. ಡಬ್ಬಿಯ ಮಾತನ್ನು ಯಾರೂ ತೆಗೆಯಲಿಲ್ಲ. ಬಹಳ ದಿನಗಳ ಮೇಲೆ, ಕಾಲೇಜಿನ ಕೆಮಿಸ್ಟ್ರಿ ಪ್ರೊಫೆಸರೊಬ್ಬರು ನನ್ನಿಂದ ಎಲ್ಲ ತಿಳಿದಿದ್ದ ನಮ್ಮ ಯಜಮಾನರ ಮಾತಿನ ಮೇಲೆ ಅದನ್ನು ಒಯ್ದರು. ಅಲ್ಲಿಯವರೆಗೆ ಅದು ನನ್ನ ಲಾಕರಿನಲ್ಲೇ ಇತ್ತು.

ಪತ್ತಾರರನ್ನು ನಾನು ಕೊನೆಗೆ ನೋಡಿದ್ದು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ, ರಾಮದುರ್ಗದ ಬಸ್ಸಿನಲ್ಲಿ. ಹೆಂಡತಿ ಕಿಟಕಿಗೆ ಕುಳಿತು ನನ್ನ ಕೈ ಹಿಡಿದುಕೊಂಡಿದ್ದರು. ಆಕೆಯ ಆಚೆ ಅವರು, ತೊಡೆಯ ಮೇಲೆ ಸಾಮಾನಿನ ಮರದ ಪೆಟ್ಟಿಗೆ.

“ಕಪಾಟಕ್ಕ ಕೀಲಿ ಹಾಕೀರಿಲ್ಲೋ ಬಾಯಾರ?” ಎಂದು ಕೇಳಿದರು.

“ಹಾಕೇನ್ರಿ.”

“ಹಂಗಾರ ಮನಿಗಿ ನಡೀರಿ. ಇನ್ನ ಮಿಕ್ಸರ ಹಚ್ರಿ.”

ಬಸ್ಸು ಹೊರಳುವಾಗ ಹೆಂಡತಿ ಕೈ ಬೀಸಿದರು. ಅವರು ಬೀಸಲಿಲ್ಲ. ಪೆಟ್ಟಿಗೆ ಜಾರದಂತೆ ಎರಡೂ ಕೈಯಲ್ಲಿ ಅವುಚಿ ಹಿಡಿದು, ತಲೆ ಬಗ್ಗಿಸಿ, ಅದರ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದರು.