ಲಾರಿ ಬಂತೋ!

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಅಪ್ಪನ ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿದಾಗ, ಮೀನಖಂಡ ಸೊರಗಿ ಕಟ್ಟಿಗೆಯಂತಾಗಿತ್ತು. ವೈದ್ಯರು ವ್ಯಾಯಾಮ ಹೇಳಿದ್ದರೂ ಮತ್ತೆ ಮುರಿದೀತೆಂಬ ಹೆದರಿಕೆಗೆ ಅಪ್ಪ ಹಾಸಿಗೆ ಬಿಡಲಿಲ್ಲ. ರಾಯಚೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಹುರುಪಿನಿಂದ ಪಾಠ ಶುರುಮಾಡಿದೆ. ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡು ಕಾಂಡಕೋಶಗಳು ಮಲಗಿರುತ್ತವೆ. ಸುತ್ತಲಿನ ಎಳೆ ಜಗ್ಗಿದರೆ, ನೊಂದರೆ ಅವಕ್ಕೆ ಸುದ್ದಿ ಮುಟ್ಟುತ್ತದೆ. ಆಗ ಎದ್ದು ಹೊಸ ಸ್ನಾಯು ಕಟ್ಟುತ್ತವೆ ಎಂದೆ.

“ನಮ್ಮಂಗ ಅನ್ನು ಯವ್ವಾ!” ಅಪ್ಪ ಎದ್ದು ಕೂತ. “ಚೀಲದ ಮ್ಯಾಲ ಮಲಗಿರ್ತೀವಿ. ಲಾರಿ ಬಂತಂದ್ರ ಎಲ್ಲಾರೂ ಏಳ್ತೀವಿ.”

“ಹೌದು ಯಪ್ಪಾ, ಬರೋಬ್ಬರಿ ಹಂಗ!” ನಾನು ಕುಣಿದೇಬಿಟ್ಟೆ.

ಮಾತು ಗಿರಣಿಗೆ ಹೇಗೆ ಮುಟ್ಟಿತೋ, ಮರುದಿನ ಮುಂಜಾನೆ ಅಪ್ಪನ ಜೊತೆಯ ಹಮಾಲರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡೇ ಮನೆಗೆ ಬಂದರು. ಕೋಶಗಳಿಗೆ ಕೇಳಿಸಲೆಂದು ಅಪ್ಪನ ಕಾಲಿನತ್ತ ಬಾಗಿ, “ಲಾರಿ ಬಂತೋ!” ಎಂದು ಒಟ್ಟಿಗೆ ಕೂಗಿದರು.

ಕೋಶಕ್ಕೆಲ್ಲಿಯ ಕಿವಿ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಗೋಡೆ ಹಿಡಿದು ನಿಂತು, ವೈದ್ಯರು ಹೇಳಿದ್ದ ವ್ಯಾಯಾಮದಂತೆ ಹಿಮ್ಮಡಿ ಎತ್ತಿದ್ದ.

ತೆರೆದ ಬಾಯಿಂದ ನಾನೂ ಕೂಗಿದೆ: “ಲಾರಿ ಬಂತೋ ಯಪ್ಪಾ!”